ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತು

ಒಂದು ಗಾಜಿನ ಬುರುಡೆಯಲ್ಲಿ ಕಡುಗೆಂಪು ಆವಿ. ಪಕ್ಕದ್ದರಲ್ಲಿ ಏನೂ ಇಲ್ಲವೇ ಇಲ್ಲ ಎನ್ನಿಸುವಂತೆ, ಬಣ್ಣವೂ ವಾಸನೆಯೂ ಇಲ್ಲದ ಕ್ಸೆನಾನ್. ನಡುವೆ ಗಾಜಿನದೇ ಒಂದು ತೆಳು ತಡೆ. 1962ರ ಮಾರ್ಚ್ 23, ಶುಕ್ರವಾರ, ಸಂಜೆ ಆರೂಮುಕ್ಕಾಲರ ಸುಮಾರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದ 29ರ ನೀಲ್ ಬಾರ್ಟ್ಲೆಟ್ ಆ ತಡೆಯನ್ನು ಒಡೆದರು. ಎರಡು ಅನಿಲ ಸೇರಿದ್ದೇ ತಡ, ಕಣ್ಣೆದುರೇ ಕಿತ್ತಳೆ ಹಳದಿಯ ಪುಡಿ! ಯಾರಿಗಾದರೂ ತೋರಿಸಲೇಬೇಕೆಂದು ಹುಡುಕಿದರೆ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಊಟಕ್ಕೆ ಹೋಗಿಬಿಟ್ಟಿದ್ದರು.

ಆ ಪುಡಿ ಇರಲೇಬಾರದಿತ್ತು. ಕ್ಸೆನಾನ್ ಜಡಾನಿಲ, ಯಾವ ಧಾತುವಿನ ಜೊತೆಗೂ ಕೂಡದು ಎಂದು ತಲೆಮಾರುಗಳ ಮೇಷ್ಟ್ರುಗಳು ಪಾಠ ಹೇಳಿ, ತಲೆಮಾರುಗಳ ಮಕ್ಕಳು ಬಾಯಿಪಾಠ ಮಾಡಿದ್ದರು. ಅದನ್ನು ಸುಳ್ಳು ಮಾಡಿದ್ದು ಯಾವ ಮಹಾಯಂತ್ರವೂ ಅಲ್ಲ, ಪಠ್ಯಪುಸ್ತಕದ ಒಂದು ಗ್ರಾಫ್!

ನಮ್ಮ ಪಿಯುಸಿ ಪುಸ್ತಕದಲ್ಲೂ ಇರುವ ಗ್ರಾಫ್ ಅದು: ಅಯಾನೀಕರಣ ಶಕ್ತಿಯದು. ಪರಮಾಣುವಿನ ಹೊರ ಅಂಚಿನ ಎಲೆಕ್ಟ್ರಾನ್ ಒಂದನ್ನು ಕಿತ್ತುಕೊಳ್ಳಲು ಎಷ್ಟು ಶಕ್ತಿ ತೆರಬೇಕು ಎಂಬ ಲೆಕ್ಕ. ಹೈಡ್ರೋಜನ್‌ಗೆ 13.6 ಎಲೆಕ್ಟ್ರಾನ್ ವೋಲ್ಟ್. ಪಕ್ಕದ ಹೀಲಿಯಂಗೆ 24.6, ಇಡೀ ಕೋಷ್ಟಕದಲ್ಲೇ ಅತಿ ಎತ್ತರ. ಅಲ್ಲಿಂದ ಒಂದೇ ಹೆಜ್ಜೆ ಮುಂದಿಟ್ಟರೆ ಪ್ರಪಾತ: ಲಿಥಿಯಂ, ಬರೀ 5.4. ಮತ್ತೆ ಘಟ್ಟ ಹತ್ತಿ ನಿಯಾನ್ ತುದಿ ಮುಟ್ಟಿದರೆ 21.6, ಮರುಕ್ಷಣವೇ ಸೋಡಿಯಂನ 5.1ಕ್ಕೆ ಕುಸಿತ. ಬೀಜಕೇಂದ್ರದಲ್ಲಿ ಪ್ರೋಟಾನ್ ಹೆಚ್ಚಿದಂತೆಲ್ಲ ಹಿಡಿತ ಬಿಗಿಯಾಗುತ್ತದೆ; ಎಲೆಕ್ಟ್ರಾನ್‌ಗಳ ಹೊಸ ಕವಚ ಶುರುವಾದದ್ದೇ ಹಿಡಿತ ಸಡಿಲ.

ಹತ್ತುವ ದಾರಿಯಲ್ಲೂ ಕಾಲು ಜಾರುವ ಜಾಗಗಳಿವೆ. ನೈಟ್ರೋಜನ್‌ಗೆ 14.5 ಇದ್ದದ್ದು ಆಕ್ಸಿಜನ್‌ಗೆ 13.6ಕ್ಕೆ ಇಳಿಯುತ್ತದೆ. ಏರಬೇಕಾದದ್ದು ಇಳಿಯುವುದೆಂದರೇನು? ಎಲೆಕ್ಟ್ರಾನ್‌ಗಳನ್ನು ನೆಂಟರೆಂದುಕೊಳ್ಳಿ. ಮದುವೆ ಛತ್ರದ ಮೂರು ಕೋಣೆಗಳಲ್ಲಿ ಮೂವರು ನೆಂಟರು ಒಬ್ಬೊಬ್ಬರಾಗಿ ಹಾಯಾಗಿರುವುದು ನೈಟ್ರೋಜನ್. ನಾಲ್ಕನೆಯವರು ಬಂದು ಯಾರದೋ ಕೋಣೆಗೆ ಹಾಸಿಗೆ ಬಿಡಿಸಿದರೆ ಆಕ್ಸಿಜನ್. ಒಂದೇ ಕೋಣೆಯ ಇಬ್ಬರು ಪರಸ್ಪರ ಸಹಿಸರು, ಒಬ್ಬರನ್ನು ಎಬ್ಬಿಸುವುದು ಸಲೀಸು. ಈ ಚಿಕ್ಕ ಜಾರಿಕೆಯೊಳಗೆ ಇಡೀ ಕ್ವಾಂಟಂ ಸಿದ್ಧಾಂತ ಮುದುರಿ ಕೂತಿದೆ!

ಕೋಷ್ಟಕದಲ್ಲಿ ಕೆಳಗಿಳಿದಷ್ಟೂ ಹೊರ ಎಲೆಕ್ಟ್ರಾನ್ ದೂರ, ಬೆಲೆಯೂ ಅಗ್ಗ. ಸೀಸಿಯಂಗೆ ಕೇವಲ 3.9. (28.5 ಡಿಗ್ರಿಗೇ ಕರಗುವ ಈ ಲೋಹ ಬೆಂಗಳೂರಿನ ಏಪ್ರಿಲ್‌ನಲ್ಲಿ ಮುಚ್ಚಿದ ಗಾಜಿನೊಳಗೇ ನೀರಾಗುತ್ತದೆ.) ಅದರ ಕೆಳಗಿನ ಫ್ರಾನ್ಸಿಯಂ ಇನ್ನೂ ಅಗ್ಗವಿರಬೇಕಲ್ಲ? ಇಲ್ಲ, ಒಂದು ಎಳೆ ಹೆಚ್ಚು! ಭಾರದ ಬೀಜಕೇಂದ್ರದ ಬಳಿ ಎಲೆಕ್ಟ್ರಾನ್ ಓಡುವ ವೇಗಕ್ಕೆ ಐನ್‌ಸ್ಟೈನ್ ಅವರ ಸಾಪೇಕ್ಷತೆಯೇ ನಡುವೆ ಬಂದು ಹಿಡಿತವನ್ನು ಬಿಗಿ ಮಾಡುತ್ತದೆ.

ಶಿಖರಗಳಿಗೆ ಬರೋಣ. ಜಡಾನಿಲಗಳು ತುದಿಯಲ್ಲಿ ಕೂತಿರುವುದನ್ನು ಎಲ್ಲರೂ ಕಂಡಿದ್ದರು. ಆ ತುದಿಗಳೇ ಇಳಿಯುತ್ತ ಹೋಗುವುದರ ಅರ್ಥವನ್ನು ಹಿಡಿದವರು ತೀರಾ ಕಡಿಮೆ: 24.6, 21.6, 15.8, 14.0, ಕ್ಸೆನಾನ್‌ಗೆ ಬರುವಷ್ಟರಲ್ಲಿ 12.13. ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1933ರಲ್ಲೇ ಕ್ಸೆನಾನ್ ಫ್ಲೋರಿನ್ ಜೊತೆ ಕೂಡೀತು ಎಂದಿದ್ದರು. ಆದರೆ ಆಗ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಪ್ರಯೋಗ ಕೈಕೊಟ್ಟಿತು, ಮಾತು ತಣ್ಣಗಾಯಿತು.

ಬಾರ್ಟ್ಲೆಟ್ ಕೈಯಲ್ಲಿ ಆಗಲೇ ಒಂದು ವಿಚಿತ್ರ ವಸ್ತುವಿತ್ತು. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಆ ಕೆಂಪು ಆವಿ ಎಂಥ ದರೋಡೆಕೋರನೆಂದರೆ, ಬೇರೆಯವರಿಂದ ಎಲೆಕ್ಟ್ರಾನ್ ಕಸಿಯುವ ಆಕ್ಸಿಜನ್ ಅಣುವಿನಿಂದಲೇ ಎಲೆಕ್ಟ್ರಾನ್ ಕಸಿದಿತ್ತು! 1962ರ ಆರಂಭದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಲು ತಯಾರಾಗುತ್ತ ಪುಸ್ತಕ ತಿರುವಿದವರ ಕಣ್ಣಿಗೆ ಈ ಗ್ರಾಫ್ ಬಿತ್ತು. ಆಕ್ಸಿಜನ್ ಅಣುವಿನ ಬೆಲೆ 12.07, ಕ್ಸೆನಾನ್‌ದು 12.13. ಅಂತರ 0.06! ಅದನ್ನು ದೋಚಿದ್ದು ಇದನ್ನು ಬಿಟ್ಟೀತೇ? ಗಾಜಿನ ಬುರುಡೆಗಳನ್ನು ಜೋಡಿಸಿದ್ದು ಈ ಒಂದೇ ಪ್ರಶ್ನೆಗೆ. ಉತ್ತರವಾಗಿ ಬಂದದ್ದು ಆ ಹಳದಿ ಪುಡಿ.

ಪುಡಿ ಒಂದೇ ಶುದ್ಧ ಸಂಯುಕ್ತವಲ್ಲ, ಕಲಬೆರಕೆ ಎಂದು ಮುಂದೆ ತಿಳಿಯಿತು. ಇರಲಿ, ಬಾಗಿಲಂತೂ ತೆರೆದಿತ್ತು. ಅದೇ ವರ್ಷ ಅಮೆರಿಕದ ಆರ್ಗಾನ್ (Argonne) ರಾಷ್ಟ್ರೀಯ ಪ್ರಯೋಗಾಲಯದವರು ಕ್ಸೆನಾನ್ ಮತ್ತು ಫ್ಲೋರಿನ್ ಎರಡನ್ನೇ ಸೇರಿಸಿ 400 ಡಿಗ್ರಿಗೆ ಕಾಯಿಸಿದರು. ಬಣ್ಣವಿಲ್ಲದ ಹರಳುಗಳು! ಅಷ್ಟು ಸುಲಭದ್ದು ಅಷ್ಟು ದಶಕ ಯಾರ ಕೈಗೂ ಸಿಕ್ಕಿರಲಿಲ್ಲ. ಬಾರ್ಟ್ಲೆಟ್ 2008ರಲ್ಲಿ ತೀರಿಕೊಂಡರು, ನೊಬೆಲ್ ಇಲ್ಲದೆಯೇ. ಇದು ನನಗೆ ಇವತ್ತಿಗೂ ಅರಗದ ಸಂಗತಿ.

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಅವರ ಪುಸ್ತಕ ಇಸಿದುಕೊಂಡು ಆ ಪುಟ ತೆರೆಯಿರಿ. ಪರಮಾಣು ಸಂಖ್ಯೆ 54ರ ಶಿಖರದ ತುದಿಯಿಂದ ಎಡಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ‘ಜಡ’ ಕ್ಸೆನಾನ್ ನಮ್ಮ ಹೈಡ್ರೋಜನ್‌ಗಿಂತ ಕೆಳಗಿದೆ.