ಕೆಟ್ಟಿದ್ದು ರೇಡಿಯೋನಾ, ಆಕಾಶಾನಾ?

ಆನೆಕೊಂಡದ ನಮ್ಮ ಮನೆ ಅಟ್ಟದ ಮೇಲೆ ಅಜ್ಜನ ಹಳೇ ರೇಡಿಯೋ ಇದೆ. ಆ ಕಾಲದಲ್ಲಿ ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತ್‌ಮಾಲಾ. ಅಮೀನ್ ಸಯಾನಿ ಒಂದನೇ ನಂಬರ್ ಹಾಡು ಹೇಳೋ ಹೊತ್ತಿಗೇ ದನಿ ಏರಿಳಿದು, ನಡುಗಿ, ಮಾಯ! ಅಜ್ಜ ಮೂರು ಸಲ ರಿಪೇರಿಗೆ ಕೊಟ್ಟರು. ಮೂರು ಸಲವೂ "ಸೆಟ್ ಸರಿಯಿದೆ" ಅನ್ನೋ ಉತ್ತರ. "ಅಂಗಡಿಯವನು ದುಡ್ಡು ತಿಂದ" ಅನ್ನೋ ಮಾತು ಮನೇಲಿ ಇವತ್ತಿಗೂ ಇದೆ.

ನಾನು ಓದಿದ್ದು ಬಿ.ಕಾಂ. ಆದ್ರೂ ಈ ಲೆಕ್ಕ ತಾಳೆ ನೋಡಲೇಬೇಕು ಅನ್ನಿಸ್ತು.

ಕೊಲಂಬೊದಿಂದ ದಾವಣಗೆರೆಗೆ ಸುಮಾರು 900 ಕಿ.ಮೀ. ಭೂಮಿ ಗುಂಡಗಿದೆ, ಅಲೆ ನೇರವಾಗಿ ಬರಲ್ಲ. ಬಿಸಿಲಿನಿಂದ ವಿದ್ಯುತ್ ಕಣಗಳು ತುಂಬಿರೋ ಪದರವೊಂದು ಮೇಲಿದೆ, ಅದೇ ಅಯಾನುಗೋಳ. ಶಾರ್ಟ್‌ವೇವ್ ಅಲೆ ಅಲ್ಲಿಗೆ ಹೋಗಿ ಬಾಗಿ ಕೆಳಗಿಳಿಯುತ್ತೆ.

ತೊಂದರೆ ಶುರುವಾಗೋದು ಸೂರ್ಯ ಮುಳುಗಿದ ಮೇಲೆ. ಕೆಳಗಿನ ಭಾಗದ ಕಣಗಳು ಬೇಗ ಕರಗುತ್ತವೆ, ದಟ್ಟ ಪದರ ಮೇಲೇರುತ್ತೆ. ಎಣ್ಣೆ ಮೇಲೆ ನೀರು ನಿಲ್ಲಿಸಿದ ಹಾಗೆ! ನಿಲ್ಲುತ್ತಾ? ಕೆಳಗಿನ ತೆಳು ಭಾಗ ಗುಳ್ಳೆಗಳಾಗಿ ಮೇಲೆ ನುಗ್ಗುತ್ತೆ. ಇದು ಹೆಚ್ಚಾಗಿ ಆಗೋದು ಕಾಂತೀಯ ಸಮಭಾಜಕದ ಆಸುಪಾಸು. ಆ ರೇಖೆ ಕೇರಳದ ತುಂಬಾ ಹತ್ತಿರವೇ ಹಾದುಹೋಗುತ್ತೆ. 1963ರ ನವೆಂಬರ್ 21ರಂದು ಅಲ್ಲಿಂದ ರಾಕೆಟ್ ಹಾರಿಸಿದ್ದೂ ಅದಕ್ಕೇ. ಕೊಲಂಬೊ-ದಾವಣಗೆರೆ ದಾರಿ ಆ ರೇಖೆಯನ್ನು ದಾಟಿಯೇ ಬರಬೇಕು.

ಗುಳ್ಳೆ ಎದ್ದರೆ ನಯವಾದ ಕನ್ನಡಿ ಒಡೆದ ಕನ್ನಡಿಯಾಗುತ್ತೆ. ಒಂದೇ ಹಾಡು ಹತ್ತು ದಾರಿಯಲ್ಲಿ ಬಂದು ಒಮ್ಮೆ ಕೂಡುತ್ತೆ, ಒಮ್ಮೆ ಕಳೆಯುತ್ತೆ. ಅದಕ್ಕೇ ದನಿ ನಡುಗೋದು. ಮಾರ್ಚ್, ಸೆಪ್ಟೆಂಬರ್ ಆಸುಪಾಸು, ಸೂರ್ಯನ ಚಟುವಟಿಕೆ ಜೋರಿದ್ದ ವರ್ಷಗಳಲ್ಲಿ ಇದು ಜಾಸ್ತಿ.

ನಿಮ್ಮ ಫೋನಿಗೂ ಇದರ ಸಂಬಂಧ ಇದೆ. ಜಿಪಿಎಸ್ ಸಿಗ್ನಲ್ ಸುಮಾರು 20,000 ಕಿ.ಮೀ. ಮೇಲಿಂದ ಇದೇ ಗುಳ್ಳೆಗಳನ್ನು ತೂರಿ ಬರಬೇಕು. ಮ್ಯಾಪ್ ಚುಕ್ಕಿ ಹಾರಿದ್ದಕ್ಕೆಲ್ಲ ಇದೇ ಕಾರಣ ಅಲ್ಲ, ಎತ್ತರದ ಕಟ್ಟಡಗಳೂ ಕಾರಣ. ಆದ್ರೆ ವಿಮಾನ ಇಳಿಸೋರಿಗೆ ಇದು ಆಟವಲ್ಲ. ಅದಕ್ಕೇ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ 'ಗಗನ್' ವ್ಯವಸ್ಥೆ ಅಯಾನುಗೋಳದಿಂದಾಗೋ ತಪ್ಪನ್ನು ಲೆಕ್ಕ ಹಾಕಿ ತಿದ್ದುಪಡಿ ಕಳಿಸುತ್ತೆ.

ಯಾವ ಬುಧವಾರ ಗುಳ್ಳೆ ಎದ್ದಿತ್ತು ಅಂತ ಈಗ ಹೇಳೋಕಾಗಲ್ಲ. ಆದ್ರೆ ಸೆಟ್ ಸರಿಯಿದ್ದರೂ ಹೀಗಾಗುತ್ತೆ ಅನ್ನೋದು ಖಂಡಿತ. ಇಷ್ಟನ್ನೂ ಅಜ್ಜನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹಂಗಾದ್ರೆ ಆ ಮನುಷ್ಯನ್ನ ಸುಮ್ನೆ ಬೈದೆನಲ್ಲೋ."