ಕೋಲುಗಳ ನಡುವೆ ಒಂದು ಸೆಕೆಂಡು

ಹನ್ನೆರಡು ಕೋಲುಗಳು ಒಂದೇ ಸಾಲಿನಲ್ಲಿ, ಒಂದರಿಂದ ಇನ್ನೊಂದಕ್ಕೆ 60 ಸೆಂಟಿಮೀಟರ್ ಅಂತರ. ಮೊದಲ ಕೋಲು ತನ್ನ ಎಡಭುಜದ ಕಡೆ ಇರುವಂತೆ ನಾಯಿ ಒಳಹೊಗಬೇಕು, ಒಂದನ್ನೂ ಬಿಡದೆ ಬಳಸಿ ಬಳಸಿ ಆಚೆ ತುದಿ ಸೇರಬೇಕು. ಅಜಿಲಿಟಿ ಎಂಬ ಈ ಆಟದಲ್ಲಿ ಜಿಗಿಯುವ ಅಡ್ಡಗಳಿವೆ, ಬಟ್ಟೆಯ ಸುರಂಗವಿದೆ, ಏತದಂತೆ ತೂಗುವ ಹಲಗೆಯಿದೆ. ಕಲಿಸಲು ಎಲ್ಲಕ್ಕಿಂತ ಕಷ್ಟ ಈ ಕೋಲುಗಳೇ. ಜಿಗಿತ, ಬಿಲ ಹೊಗುವುದು ನಾಯಿಗೆ ಹುಟ್ಟಿನಿಂದ ಬಂದದ್ದು. ಎದುರಿಗೆ ಬಯಲು ತೆರೆದಿರುವಾಗ ಹೀಗೆ ನುಲಿಯುತ್ತ ಓಡಲು ಅದಕ್ಕೆ ಯಾವ ಕಾರಣವೂ ಇಲ್ಲ. ಕಾರಣವನ್ನು ನಾವೇ ಒದಗಿಸಬೇಕು.

1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ಬಿಡುವಿನ ವೇಳೆ ಜನರನ್ನು ರಂಜಿಸಲೆಂದು, ಕುದುರೆಗಳ ಜಿಗಿತದ ಸ್ಪರ್ಧೆಯನ್ನು ನೋಡಿ ಕಟ್ಟಿದ ಆಟವಿದು. ನಾನಿರುವ ಮುಂಬೈಗೆ ನಾಯಿಗಳ ಮೇಲಿನ ಅಕ್ಕರೆ ಅದಕ್ಕಿಂತ ಬಹಳ ಹಳೆಯದು. ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದ ಬ್ರಿಟಿಷ್ ಆಡಳಿತದ ವಿರುದ್ಧ 1832ರಲ್ಲೇ ಇಲ್ಲಿನ ಪಾರ್ಸಿಗಳು ಕೋಟೆ ಪ್ರದೇಶದಲ್ಲಿ ದಂಗೆ ಎದ್ದಿದ್ದರು. ಆದರೆ ತರಬೇತಿ ಎಂದರೆ ಕುತ್ತಿಗೆಯ ಸರಪಳಿ ಜಗ್ಗುವುದು ಎಂಬ ನಂಬಿಕೆ ಮಾತ್ರ ತುಂಬಾ ಕಾಲ ಉಳಿಯಿತು. ಅದನ್ನು ಬದಲಿಸಲು ದುಡಿದವರಲ್ಲಿ ಇದೇ ನಗರದ ಶಿರೀನ್ ಮರ್ಚೆಂಟ್ ಪ್ರಮುಖರು. ಬ್ರಿಟನ್ನಿನ ಜಾನ್ ರೋಜರ್ಸನ್ ಅವರಲ್ಲಿ ಪ್ರಾಣಿ ವರ್ತನೆಯ ಪಾಠ ಕಲಿತು ಬಂದ ಅವರನ್ನು 2018ರಲ್ಲಿ, ತಮ್ಮ ಕ್ಷೇತ್ರಗಳಲ್ಲಿ ಮೊದಲಿಗರಾದ ಮಹಿಳೆಯರ ಸಾಲಿನಲ್ಲಿ, ರಾಷ್ಟ್ರಪತಿಗಳು ಗೌರವಿಸಿದರು.

ಹೊಡೆತವಿಲ್ಲದ ಈ ಕಲಿಕೆಯ ಬೇರು ಸಮುದ್ರದಲ್ಲಿದೆ. 1963ರಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸಲು ಹೊರಟ ಕ್ಯಾರೆನ್ ಪ್ರಯರ್‌ಗೆ ಸರಪಳಿಯ ಆಸರೆ ಇರಲಿಲ್ಲ. ನೀರಿನಲ್ಲಿರುವ ಪ್ರಾಣಿಯನ್ನು ಎಳೆಯುವುದಾದರೂ ಹೇಗೆ? ಜಿಗಿತದ ತುದಿಯಲ್ಲಿರುವಾಗ ಅದರ ಬಾಯಿಗೆ ಮೀನು ಇಡಲೂ ಆಗದು. ಹಾಗಾಗಿ ಸೀಟಿ. ಸರಿಯಾದ ಕ್ಷಣಕ್ಕೆ ಸೀಟಿ, ಆಮೇಲೆ ಮೀನು. ನಾಯಿಗಳ ವಿಷಯದಲ್ಲಿ ಆ ಸೀಟಿಯ ಜಾಗಕ್ಕೆ ಟಿಕ್ ಎನ್ನುವ ಕ್ಲಿಕ್ಕರ್ ಬಂತು. ಬಾಯಿಮಾತಿನ ಒಂದೇ ಒಂದು ಸದ್ದಾದರೂ ಸಾಕು.

ಮುಂಬೈಯ ಮುಲುಂಡಿನಲ್ಲಿ ನಮ್ಮ ಸೊಸೈಟಿಯ ಟೆರೇಸಿನ ಮೇಲೆ ಪ್ಲಂಬಿಂಗ್ ಪೈಪುಗಳನ್ನು ಕಡಿದು ಆರು ಕೋಲು ಮಾಡಿದ್ದೆ. ನಮ್ಮ ಚಿಕ್ಕಿ ಬೀದಿಯಿಂದ ಬಂದವಳು, ಆಗ ಎರಡು ವರ್ಷ. ಒಂದು ವರ್ಷ ದಾಟದ ಮರಿಯ ಮೂಳೆಗಳ ತುದಿ ಇನ್ನೂ ಬಲಿತಿರುವುದಿಲ್ಲ, ಎತ್ತರದ ಜಿಗಿತವನ್ನು ಆಗ ಮಾಡಿಸಲೇಬಾರದು. ಚಿಕ್ಕಿ ಮೂರನೇ ಕೋಲಿನ ಬಳಿ ಬಂದು ನಿಂತು ನನ್ನ ಕೈ ನೋಡುತ್ತಿದ್ದಳು. ವಾರಗಟ್ಟಲೆ ಅದೇ. ಕಲಿಸಲು ಬಂದಿದ್ದ ಹಿರಿಯರು ಎರಡೇ ನಿಮಿಷ ನೋಡಿ, "ನಿಮ್ಮ ಕೈ ಮೊದಲು ಜೇಬಿಗೆ ಹೋಗ್ತಿದೆ, ಮಾತು ಆಮೇಲೆ ಬರ್ತಿದೆ. ಬಾಯಲ್ಲಿ 'ಹಾಂ' ಬಂದಮೇಲೆ ಕೈ ಅಲ್ಲಾಡಲಿ" ಎಂದರು.

ಅಷ್ಟೇ ವಿಷಯ. ನಾಯಿ ಬಹುಮಾನವನ್ನು ಜೋಡಿಸಿಕೊಳ್ಳುವುದು ಆ ಕ್ಷಣಕ್ಕೆ ಹತ್ತಿರದಲ್ಲಿ ನಡೆದದ್ದಕ್ಕೆ. ಒಂದೆರಡು ಸೆಕೆಂಡು ತಡವಾದರೆ ಅದು ಕಲಿತದ್ದು ಬೇರೆಯೇ. ನಾನು ಚಿಕ್ಕಿಗೆ ಕಲಿಸಿದ್ದು ಕೋಲು ಬಳಸುವುದನ್ನಲ್ಲ, ನಿಂತು ಕೈ ನೋಡುವುದನ್ನು. 2012ರಲ್ಲಿ ಅಮೆರಿಕದ ಗ್ರೆಗರಿ ಬರ್ನ್ಸ್ ತಂಡ, ಎಚ್ಚರವಾಗಿದ್ದ ನಾಯಿಗಳ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿತು. ಈಗ ತಿನಿಸು ಬರುತ್ತದೆ ಎನ್ನುವ ಕೈಸನ್ನೆ ಕಂಡೊಡನೆ, ತಿನಿಸು ಸಿಗುವ ಮೊದಲೇ, ಬಹುಮಾನಕ್ಕೆ ಸ್ಪಂದಿಸುವ ಭಾಗ ಚುರುಕಾಗುತ್ತಿತ್ತು. ಆ ಗದ್ದಲದ ಯಂತ್ರದೊಳಗೆ ಕಟ್ಟಿಹಾಕದೆಯೂ ಅಲುಗಾಡದೆ ಮಲಗಲು ಆ ನಾಯಿಗಳು ಕಲಿತದ್ದು ಕೂಡ ತಿನಿಸು, ಶಹಭಾಸ್‌ಗಳಿಂದಲೇ.

ಗದರಿಕೆಗೂ ನಾಯಿ ಕಲಿಯುತ್ತದೆ, ನಿಜ. ಅದರ ಬೆಲೆ ಏನೆಂಬುದನ್ನು 2020ರಲ್ಲಿ ಪ್ರಕಟವಾದ ಪೋರ್ಚುಗಲ್ಲಿನ ಅಧ್ಯಯನ ತೋರಿಸಿತು. 92 ಸಾಕುನಾಯಿಗಳ ಪೈಕಿ ಜಗ್ಗಿ ಗದರಿಸುವ ಶಾಲೆಗಳಲ್ಲಿ ಕಲಿಯುತ್ತಿದ್ದವುಗಳಲ್ಲಿ, ಪಾಠದ ನಂತರ, ಒತ್ತಡದ ಹಾರ್ಮೋನು ಕಾರ್ಟಿಸಾಲ್ ಜೊಲ್ಲಿನಲ್ಲಿ ಹೆಚ್ಚು ಏರಿತ್ತು. ಗದರಿಕೆ ಹೆಚ್ಚಾಗಿದ್ದ ನಾಯಿಗಳು, ತಿನಿಸು ಇದೆಯೋ ಇಲ್ಲವೋ ತಿಳಿಯದ ಬಟ್ಟಲಿನತ್ತ ನಿಧಾನವಾಗಿ ಹೋದವು. ಇರಲಾರದು ಎಂದುಕೊಂಡೇ ಹೆಜ್ಜೆ ಹಾಕುವ ನಾಯಿ! ನನಗೆ ಆ ಹಾರ್ಮೋನಿನ ಲೆಕ್ಕಕ್ಕಿಂತ ಈ ಬಟ್ಟಲೇ ಮನಸ್ಸಿನಲ್ಲಿ ಕೂತಿದೆ.

ಹಿರಿಯರು ಕೋಲುಗಳನ್ನು ಕಿತ್ತು ಎರಡು ಸಾಲು ಮಾಡಿದರು, ನಡುವೆ ಚಿಕ್ಕಿ ನೇರವಾಗಿ ಓಡುವಷ್ಟು ಓಣಿ. ಕೆಲವು ದಿನಗಳಿಗೊಮ್ಮೆ ಒಂದು ಬೆರಳಿನಷ್ಟು ಓಣಿ ಕಿರಿದು. ತಪ್ಪಿದರೆ ಬೈಗುಳವಿಲ್ಲ, ಓಣಿ ಮತ್ತೆ ಅಗಲ. ಎಲ್ಲ ಬೆಳಗ್ಗೆ ಏಳರೊಳಗೆ, ಐದೈದು ನಿಮಿಷ. ನಾಯಿ ಬೆವರುವುದು ಮುಖ್ಯವಾಗಿ ಪಾದದಲ್ಲಿ. ಮೈ ತಣಿಯುವುದು ಏದುಸಿರಿನಲ್ಲಿ ನಾಲಗೆ, ಬಾಯಿಯ ತೇವ ಆರುವುದರಿಂದ. ಮುಂಬೈಯ ಸೆಕೆಯಲ್ಲಿ ಗಾಳಿಯೇ ನೀರು ಕುಡಿದಿರುವಾಗ ಆ ತೇವ ಬೇಗ ಆರುವುದಿಲ್ಲ. ಇಲ್ಲಿ ನಾಯಿ ಓಡಿಸುವವರು ನಾಲಗೆ ಅಗಲವಾಗಿ ಜೋತುಬಿದ್ದ ಕೂಡಲೇ ನಿಲ್ಲಿಸಬೇಕು.

ಜೂನ್ ಹತ್ತಿರ ಬಂದ ಒಂದು ಮುಂಜಾನೆ ಎರಡು ಸಾಲುಗಳು ಒಂದಾದವು. ಚಿಕ್ಕಿ ನುಲಿಯುತ್ತ ಆರನ್ನೂ ದಾಟಿದಳು. "ಹಾಂ" ಎಂದೆ. ನನ್ನ ಕೈ ಜೇಬು ತಲುಪುವಷ್ಟರಲ್ಲಿ ಅವಳು ತಿರುಗಿ ಓಡಿ ಮೊದಲ ಕೋಲಿನ ಬಳಿ ನಿಂತಿದ್ದಳು.