ಗಾಲಿಗಳ ಮೇಲಿನ ಬಚ್ಚಲುಮನೆ

ಅಮೆರಿಕ, ಕೆನಡಾಗಳ ಹೆದ್ದಾರಿಗಳಲ್ಲಿ ಕಾರಿನ ಹಿಂದೆ ಜೋಡಿಸಿಕೊಂಡು ಸಾಗುವ ಪುಟ್ಟ ಮನೆಗಳನ್ನು ಕಾಣಬಹುದು. ಇವಕ್ಕೆ ಸ್ವಂತ ಎಂಜಿನ್ ಇಲ್ಲ. ಮುಂದಿನ ಕಾರು ಎಳೆದತ್ತ ಹೋಗುತ್ತವೆ. ಒಳಗೆ ಮಲಗಲು ಮಂಚ, ಅಡುಗೆಗೆ ಒಲೆ, ಒಂದು ಬಚ್ಚಲುಮನೆ ಎಲ್ಲವೂ ಇರುತ್ತವೆ. ಅಲ್ಲಿ ಇದರ ಹೆಸರು ಟ್ರಾವೆಲ್ ಟ್ರೇಲರ್, ಬ್ರಿಟನ್ನಿನಲ್ಲಿ ಕ್ಯಾರವಾನ್. ವಾಲಿ ಬಯಾಮ್ ಎಂಬಾತ ಸ್ಥಾಪಿಸಿದ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ ಅಲ್ಯೂಮಿನಿಯಮ್ ಹೊದಿಕೆಯ 'ಕ್ಲಿಪ್ಪರ್' ಟ್ರೇಲರನ್ನು ಹೊರತಂದಿತು. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಮೂವರು ಗಗನಯಾತ್ರಿಗಳನ್ನು ಮೊದಲು ಪ್ರತ್ಯೇಕವಾಗಿ ಇರಿಸಿದ್ದು ಏರ್‌ಸ್ಟ್ರೀಮ್ ಟ್ರೇಲರೊಂದನ್ನು ಮಾರ್ಪಡಿಸಿ ಮಾಡಿದ ಕೋಣೆಯಲ್ಲೇ. ಅದರಲ್ಲೂ ಅಡುಗೆಮನೆ, ಬಚ್ಚಲುಮನೆಗಳಿದ್ದವು.

ನಾಲ್ಕೈದು ಮೀಟರ್ ಉದ್ದದ ಟ್ರೇಲರಿನಲ್ಲಿ ಬಚ್ಚಲುಮನೆಗೆ ಸಿಗುವ ಜಾಗ ಎಷ್ಟು? ಸುಮಾರು ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ಉದ್ದ, ಎರಡು ಮೀಟರ್ ಎತ್ತರ ಎಂದುಕೊಳ್ಳೋಣ. ಒಟ್ಟು ಗಾತ್ರ ಒಂದೂವರೆ ಘನ ಮೀಟರ್. ಇಷ್ಟರಲ್ಲೇ ಶೌಚ, ಸ್ನಾನ ಎರಡೂ ಆಗಬೇಕು. ಸೋಪು, ಶಾಂಪೂ, ಟವೆಲ್, ಕಾಗದದ ಸುರುಳಿ, ಶುಚಿಗೊಳಿಸುವ ದ್ರವಗಳು, ಔಷಧಿಗಳು ಎಲ್ಲವೂ ಇಲ್ಲೇ ಇರಬೇಕು.

ಇದು ಜಾಗ ಹೊಂದಿಸುವ ಪ್ರಶ್ನೆ ಮಾತ್ರ ಎನಿಸಬಹುದು. ಆದರೆ ಈ ಬಚ್ಚಲುಮನೆ ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಬೆಟ್ಟ ಹತ್ತುತ್ತದೆ, ಬಿಸಿಲಿನಲ್ಲಿ ಕಾಯುತ್ತದೆ, ಚಳಿಯಲ್ಲಿ ತಣಿಯುತ್ತದೆ. ಹಾಗಾಗಿ ಯಾವ ವಸ್ತುವನ್ನು ಎಲ್ಲಿಡಬೇಕೆಂಬುದನ್ನು ತೀರ್ಮಾನಿಸುವುದು ಜಾಗವಲ್ಲ, ಭೌತ ಮತ್ತು ರಸಾಯನ ವಿಜ್ಞಾನದ ನಿಯಮಗಳು. ಪ್ರೌಢಶಾಲೆಯಲ್ಲಿ ಕಲಿಸುವ ಎಷ್ಟೋ ಪಾಠಗಳು ಈ ಒಂದೂವರೆ ಘನ ಮೀಟರಿನಲ್ಲಿ ಒಟ್ಟಿಗೆ ಸಿಗುತ್ತವೆ.

ಹಿಂಭಾರದ ಅಪಾಯ

ಎತ್ತಿನ ಗಾಡಿಗೆ ಹೊರೆ ಹೇರುವ ರೈತನನ್ನು ಗಮನಿಸಿ. ಹೊರೆ ಅಚ್ಚಿನಿಂದ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಸೋಲುತ್ತದೆ. ನೊಗದ ಮೇಲೆ ಹದವಾದ ಭಾರ ಕೂರುವಂತೆ ಆತ ಹೊರೆಯನ್ನು ಸರಿಹೊಂದಿಸುತ್ತಾನೆ. ಟ್ರೇಲರಿಗೂ ಇದೇ ನಿಯಮ. ಕಾರಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಬೀಳಬೇಕೆಂಬುದು ಅಮೆರಿಕದಲ್ಲಿ ಸಾಮಾನ್ಯವಾಗಿ ನೀಡುವ ಸಲಹೆ. ಇದನ್ನು ಕೊಂಡಿಭಾರ ಎಂದು ಕರೆಯೋಣ.

ಅನೇಕ ಸಣ್ಣ ಟ್ರೇಲರುಗಳಲ್ಲಿ ಬಚ್ಚಲುಮನೆ ಇರುವುದು ಹಿಂಬದಿಯ ಮೂಲೆಯಲ್ಲಿ. ಹಾಗಾಗಿ ಅಲ್ಲಿಟ್ಟ ಪ್ರತಿ ಬಾಟಲಿಯೂ ಸನ್ನೆಯ ತುದಿಯಲ್ಲಿಟ್ಟಂತೆ. ಒಂದು ಲೆಕ್ಕ ಮಾಡಿ ನೋಡೋಣ. ಟ್ರೇಲರಿನ ತೂಕ, ತೊಟ್ಟಿಯ ನೀರೂ ಸೇರಿ, 1500 ಕಿಲೋಗ್ರಾಂ. ಕೊಂಡಿಯಿಂದ ಅಚ್ಚಿಗೆ ದೂರ 3.5 ಮೀಟರ್. ಕೊಂಡಿಭಾರ 180 ಕಿಲೋಗ್ರಾಂ, ಅಂದರೆ ಶೇಕಡಾ 12. ಈಗ ಅಚ್ಚಿನಿಂದ 2 ಮೀಟರ್ ಹಿಂದಿರುವ ಬಚ್ಚಲುಮನೆಯ ಕಪಾಟಿನಲ್ಲಿ 30 ಕಿಲೋಗ್ರಾಂ ಸಾಮಾನು ತುಂಬಿದೆವು. ಅಚ್ಚಿನ ಸುತ್ತ ಇದರ ಭ್ರಾಮಕ 30 × 2 = 60. ಇದನ್ನು 3.5ರಿಂದ ಭಾಗಿಸಿದರೆ ಸುಮಾರು 17. ಕೊಂಡಿಭಾರ ಅಷ್ಟು ಕಡಿಮೆಯಾಗಿ 163 ಕಿಲೋಗ್ರಾಂಗೆ ಇಳಿಯುತ್ತದೆ. ಒಟ್ಟು ತೂಕ 1530 ಆಗಿರುವುದರಿಂದ ಪ್ರಮಾಣ ಶೇಕಡಾ 10.7.

ಇನ್ನು ನೀರಿನ ಮಾತು. ಅಚ್ಚಿನ ಮೇಲಿರುವ ತೊಟ್ಟಿಯ 40 ಲೀಟರ್ ನೀರು ಸ್ನಾನಕ್ಕೆ ಬಳಕೆಯಾಗಿ, ಬಚ್ಚಲಿನ ಕೆಳಗಿರುವ ಬಳಸಿದ ನೀರಿನ ತೊಟ್ಟಿಗೆ ಸೇರಿತೆನ್ನಿ. ಒಟ್ಟು ತೂಕ ಒಂದಿಷ್ಟೂ ಬದಲಾಗಿಲ್ಲ. ಆದರೆ 40 ಕಿಲೋಗ್ರಾಂ ಎರಡು ಮೀಟರ್ ಹಿಂದಕ್ಕೆ ಸರಿದಿದೆ. ಕೊಂಡಿಭಾರ ಮತ್ತೆ 23 ಕಿಲೋಗ್ರಾಂ ಇಳಿದು 140ಕ್ಕೆ ಬರುತ್ತದೆ. ಇದು ಶೇಕಡಾ 9ರ ಆಸುಪಾಸು. ಸುರಕ್ಷಿತ ಮಿತಿಯನ್ನು ನಾವು ದಾಟಿಯಾಯಿತು!

ಇದರ ಪರಿಣಾಮವೇನು? ಕೊಂಡಿಭಾರ ಕಡಿಮೆಯಾದ ಟ್ರೇಲರ್ ಪಕ್ಕದ ಗಾಳಿ ಬೀಸಿದಾಗ ಅಥವಾ ಲಾರಿಯೊಂದು ಹಾದುಹೋದಾಗ ಅತ್ತಿತ್ತ ಓಲಾಡತೊಡಗುತ್ತದೆ. ವೇಗ ಕಡಿಮೆಯಿದ್ದರೆ ಓಲಾಟ ತಾನಾಗಿ ಅಡಗುತ್ತದೆ. ಒಂದು ನಿರ್ದಿಷ್ಟ ವೇಗವನ್ನು ಮೀರಿದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಕೊನೆಗೆ ಟ್ರೇಲರ್ ಕಾರನ್ನೂ ಎಳೆದುಕೊಂಡು ಉರುಳಬಹುದು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಟ್ರೇಲರ್ ಎಳೆಯುವ ವಾಹನಗಳಿಗೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ವೇಗಮಿತಿ ಇದೆ.

ಹಿಂದಿಟ್ಟ ಭಾರದಿಂದ ಮತ್ತೊಂದು ಕೆಡುಕೂ ಉಂಟು. ತಿರುಗುವ ವಸ್ತುವಿನ ಜಡತ್ವ ಭ್ರಾಮಕ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 30 ಕಿಲೋಗ್ರಾಂ ಸಾಮಾನು ಅಚ್ಚಿನಿಂದ ಅರ್ಧ ಮೀಟರ್ ದೂರದಲ್ಲಿದ್ದರೆ ಅದರ ಕೊಡುಗೆ 7.5. ಎರಡು ಮೀಟರ್ ದೂರದಲ್ಲಿದ್ದರೆ 120. ದೂರ ನಾಲ್ಕು ಪಟ್ಟು, ಪರಿಣಾಮ ಹದಿನಾರು ಪಟ್ಟು. ಜಡತ್ವ ಭ್ರಾಮಕ ಹೆಚ್ಚಾದಷ್ಟೂ ಒಮ್ಮೆ ಶುರುವಾದ ಓಲಾಟವನ್ನು ನಿಲ್ಲಿಸುವುದು ಕಷ್ಟ.

ಅಂದಮೇಲೆ ಮೊದಲ ನಿಯಮ ಸ್ಪಷ್ಟ. ಬಚ್ಚಲುಮನೆಯಲ್ಲಿ ಇಡುವುದು ಹಗುರ ವಸ್ತುಗಳನ್ನು ಮಾತ್ರ. ದೊಡ್ಡ ಬಾಟಲಿಗಳು, ಹೆಚ್ಚುವರಿ ಸೋಪು, ಮಾರ್ಜಕಗಳ ಡಬ್ಬಗಳು ಅಚ್ಚಿನ ಹತ್ತಿರದ ಕಪಾಟಿನಲ್ಲಿ, ನೆಲಮಟ್ಟದಲ್ಲಿರಲಿ. ಒಂದು ವಾರಕ್ಕೆ ಬೇಕಾದಷ್ಟು ಶಾಂಪೂವನ್ನು 100 ಮಿಲಿಲೀಟರಿನ ಸೀಸೆಗೆ ಸುರಿದುಕೊಂಡರೆ ಸಾಕು. ಹೊರಡುವ ಮುನ್ನ ಬಳಸಿದ ನೀರಿನ ತೊಟ್ಟಿಯನ್ನು ಅದಕ್ಕೆಂದೇ ಇರುವ ಸ್ಥಳದಲ್ಲಿ ಖಾಲಿ ಮಾಡಬೇಕು. ಎಷ್ಟು ಸಾಮಾನು ಹೇರಬಹುದೆಂಬುದನ್ನು ಅಮೆರಿಕದ ಟ್ರೇಲರುಗಳಲ್ಲಿ ಒಂದು ಚೀಟಿಯ ಮೇಲೆ ಮುದ್ರಿಸಿರುತ್ತಾರೆ. ತುಂಬಿದ ನೀರಿನ ತೂಕವೂ ಆ ಮಿತಿಯೊಳಗೇ ಸೇರುತ್ತದೆ.

ಜಾರುವ ಮಗ್ಗು, ಉಕ್ಕುವ ಶಾಂಪೂ

ಚಾಲಕ ಬಲವಾಗಿ ಬ್ರೇಕ್ ಒತ್ತಿದಾಗ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರ್ ದರದಲ್ಲಿ ಕುಗ್ಗಿತೆನ್ನೋಣ. ನಯವಾದ ಕಪಾಟಿನ ಮೇಲೆ ಪ್ಲಾಸ್ಟಿಕ್ ಮಗ್ಗಿನ ಘರ್ಷಣಾಂಕ 0.3 ಇದ್ದರೆ, ಘರ್ಷಣೆ ಅದನ್ನು ತಡೆಯಬಲ್ಲದ್ದು 0.3 × 9.8, ಅಂದರೆ ಸುಮಾರು 2.9ರವರೆಗೆ ಮಾತ್ರ. ಮಗ್ಗು ಜಾರಲೇಬೇಕು. ಇಲ್ಲಿ ಮಗ್ಗಿನ ತೂಕ ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನು ಗಮನಿಸಿ. ತೂಕ ಹೆಚ್ಚಿದ್ದರೆ ಜಾರುವುದಿಲ್ಲ ಎಂಬುದು ತಪ್ಪು ಕಲ್ಪನೆ. ಮೇಲಾಗಿ ರಸ್ತೆಯ ಕುಲುಕಾಟದಲ್ಲಿ ವಸ್ತು ಕ್ಷಣಕ್ಷಣವೂ ಕಪಾಟಿನಿಂದ ತುಸು ಮೇಲೇಳುತ್ತದೆ. ಆ ಕ್ಷಣದಲ್ಲಿ ಒತ್ತುವ ಬಲವೂ ಇಲ್ಲ, ಘರ್ಷಣೆಯೂ ಇಲ್ಲ. ಬ್ರೇಕ್ ಒತ್ತದಿದ್ದರೂ ಬಾಟಲಿಗಳು 'ನಡೆದು' ಅಂಚಿಗೆ ಬರುವುದು ಹೀಗೆ.

ಪರಿಹಾರ ಎರಡು ಬಗೆಯದು. ರಬ್ಬರಿನ ಜಾಲಿ ಹಾಸಿ ಘರ್ಷಣೆಯನ್ನು ಹೆಚ್ಚಿಸುವುದು ಒಂದು. ಅಂಚಿಗೆ ಅಡ್ಡಪಟ್ಟಿ ಹೊಡೆದು ತಡೆಯೊಡ್ಡುವುದು ಇನ್ನೊಂದು. ಎರಡನೆಯದೇ ಹೆಚ್ಚು ನಂಬಿಕಸ್ಥ, ಏಕೆಂದರೆ ಸೋಪಿನ ನೀರು ಬಿದ್ದರೆ ಘರ್ಷಣೆ ಕುಸಿಯುತ್ತದೆ, ಪಟ್ಟಿ ಕುಸಿಯುವುದಿಲ್ಲ. ಬಾಟಲಿಗಳನ್ನು ಒಂದಕ್ಕೊಂದು ತಾಗುವಂತೆ ಬುಟ್ಟಿಯಲ್ಲಿ ಒತ್ತಾಗಿ ಜೋಡಿಸಿದರೆ ಚಲಿಸಲು ಎಡೆಯೇ ಇರದು. ಗಾಜಿನ ಸಾಮಾನು ಬೇಡ. ಕಪಾಟಿನ ಬಾಗಿಲಿಗೆ ಒತ್ತಿದರಷ್ಟೇ ತೆರೆಯುವ ಚಿಲಕ ಬೇಕು.

ಈಗ ಬೆಟ್ಟ ಹತ್ತೋಣ. ಕೊಲೊರಾಡೊ ರಾಜ್ಯದ ರಾಕಿ ಪರ್ವತಗಳಲ್ಲಿ ಹೆದ್ದಾರಿಯು ಐಸೆನ್‌ಹೋವರ್ ಸುರಂಗದ ಬಳಿ ಸುಮಾರು 3400 ಮೀಟರ್ ಎತ್ತರವನ್ನು ಮುಟ್ಟುತ್ತದೆ. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಕಡಲತೀರದಲ್ಲಿ ಮುಚ್ಚಳ ಬಿಗಿದ ಅರೆತುಂಬಿದ ಶಾಂಪೂ ಬಾಟಲಿಯಲ್ಲಿ ಹಳೆಯ ಒತ್ತಡದ ಗಾಳಿ ಉಳಿದಿರುತ್ತದೆ. ಹೊರಗಿನ ಒತ್ತಡ ಇಳಿದಾಗ ಅದು ಹಿಗ್ಗಿ ದ್ರವವನ್ನು ಹೊರದೂಡುತ್ತದೆ. ಬಾಟಲಿ ನೆಟ್ಟಗಿದ್ದರೆ ಹೊರಬರುವುದು ಗಾಳಿ, ಅಡ್ಡಬಿದ್ದಿದ್ದರೆ ಶಾಂಪೂ! ಎಲ್ಲ ಬಾಟಲಿಗಳನ್ನೂ ಟ್ರೇಯೊಂದರಲ್ಲಿ ನೆಟ್ಟಗೆ ನಿಲ್ಲಿಸಿಡಲು ಇದೇ ಕಾರಣ.

ಗೋಡೆಗೆ ಒತ್ತಿ ಅಂಟಿಸುವ ರಬ್ಬರ್ ಬಟ್ಟಲುಗಳ ಕತೆಯೂ ಇದೇ. ಅವನ್ನು ಹಿಡಿದಿಡುವುದು ಅಂಟಲ್ಲ, ವಾಯುವಿನ ಒತ್ತಡ. 5 ಸೆಂಟಿಮೀಟರ್ ವ್ಯಾಸದ ಬಟ್ಟಲಿನ ಹಿಂದೆ ಪೂರ್ಣ ನಿರ್ವಾತವಿದ್ದರೆ ಸಮುದ್ರಮಟ್ಟದಲ್ಲಿ ಅದನ್ನು ಒತ್ತುವ ಬಲ ಸುಮಾರು 200 ನ್ಯೂಟನ್. 3400 ಮೀಟರ್ ಎತ್ತರದಲ್ಲಿ ಸುಮಾರು 130 ಮಾತ್ರ. ವಾಸ್ತವದಲ್ಲಿ ಪೂರ್ಣ ನಿರ್ವಾತ ಸಿಗುವುದಿಲ್ಲ, ಗೋಡೆ ತರಿತರಿಯಾಗಿದ್ದರೆ ಗಾಳಿ ನುಸುಳುತ್ತಲೇ ಇರುತ್ತದೆ. ಆದ್ದರಿಂದ ಇಂಥ ಬಟ್ಟಲಿಗೆ ನೇತುಹಾಕಿದ ಬುಟ್ಟಿಯನ್ನು ನಿಂತಾಗ ಮಾತ್ರ ಬಳಸಬೇಕು. ಹೊರಡುವಾಗ ಇಳಿಸಿ ನೆಲದ ಮೇಲಿಡಬೇಕು. ಮೊಳೆ, ಸ್ಕ್ರೂಗಳನ್ನು ಕಂಡಲ್ಲಿ ಹೊಡೆಯುವುದೂ ಸರಿಯಲ್ಲ. ಟ್ರೇಲರಿನ ಗೋಡೆ ತೆಳು, ರಂಧ್ರದ ಮೂಲಕ ನೀರು ಒಳಗಿಳಿದು ಕೊಳೆಸುತ್ತದೆ.

ತೇವದ ಲೆಕ್ಕ

30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ಮಾತ್ರ. ಬಿಸಿನೀರಿನ ಸ್ನಾನದ ನಂತರ ನಮ್ಮ ಒಂದೂವರೆ ಘನ ಮೀಟರ್ ಕೋಣೆ ರಾತ್ರಿ 10 ಡಿಗ್ರಿಗೆ ತಣಿದರೆ, ಗಾಳಿಯಲ್ಲಿದ್ದ ಆವಿಯಿಂದಲೇ 30 ಗ್ರಾಂನಷ್ಟು ನೀರು ಗೋಡೆ, ಕಪಾಟುಗಳ ಮೇಲೆ ಹನಿಗಟ್ಟುತ್ತದೆ. ಒದ್ದೆ ಟವೆಲ್ ಇದ್ದರೆ ಇನ್ನೂ ಹೆಚ್ಚು. ಕೊಠಡಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60ಕ್ಕಿಂತ ಕೆಳಗಿರಲಿ, ಇಲ್ಲವಾದರೆ ಬೂಷ್ಟು ಬೆಳೆಯುತ್ತದೆ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ.

ಇದರಿಂದ ಎರಡು ವಿರುದ್ಧ ನಿಯಮಗಳು ಹೊರಡುತ್ತವೆ. ಒದ್ದೆಯಾಗಿರುವ ವಸ್ತುಗಳಿಗೆ (ಟವೆಲ್, ಬ್ರಷ್, ಸ್ಪಂಜು) ಗಾಳಿ ಬೇಕು. ಅವುಗಳನ್ನು ತೂತುಗಳಿರುವ ಬುಟ್ಟಿಯಲ್ಲಿ ಅಥವಾ ಕೊಕ್ಕೆಯಲ್ಲಿ, ಗೋಡೆಗೆ ತಾಗದಂತೆ ಇಡಬೇಕು. ಒಣಗಿರಬೇಕಾದವುಗಳಿಗೆ (ಕಾಗದದ ಸುರುಳಿ, ಹತ್ತಿ, ಮಾತ್ರೆಗಳು) ಗಾಳಿಯಾಡದ ಡಬ್ಬ ಬೇಕು. ಒದ್ದೆ ಟವೆಲನ್ನು ಡಬ್ಬದಲ್ಲಿ ಮುಚ್ಚಿಡುವುದು, ಕಾಗದವನ್ನು ತೆರೆದ ಬುಟ್ಟಿಯಲ್ಲಿಡುವುದು ಎರಡೂ ತಪ್ಪು. ಸ್ನಾನದ ನಂತರ ಚಾವಣಿಯ ಫ್ಯಾನ್ ಓಡಿಸುವುದು ಎಲ್ಲಕ್ಕಿಂತ ಮುಖ್ಯ.

ಜೊತೆಗಿಡಬಾರದ ಎರಡು ಬಾಟಲಿಗಳು

ಶೌಚಾಲಯ ತೊಳೆಯುವ ಅನೇಕ ದ್ರವಗಳಲ್ಲಿ ಹೈಡ್ರೊಕ್ಲೋರಿಕ್ ಆಮ್ಲವಿರುತ್ತದೆ. ಬಟ್ಟೆ ಬಿಳುಪಾಗಿಸುವ ದ್ರವದಲ್ಲಿ ಇರುವುದು ಸೋಡಿಯಮ್ ಹೈಪೊಕ್ಲೋರೈಟ್. ಇವು ಸೇರಿದರೆ ಅಡುಗೆ ಉಪ್ಪು, ನೀರು ಮತ್ತು ಕ್ಲೋರಿನ್ ಅನಿಲ ಉತ್ಪತ್ತಿಯಾಗುತ್ತವೆ. ಕುಲುಕಾಟದಲ್ಲಿ ಎರಡೂ ಮುಚ್ಚಳಗಳು ಸಡಿಲಗೊಂಡು ಒಂದೇ ಟ್ರೇಯಲ್ಲಿ ಸೋರಿದರೆ?

ಶೇಕಡಾ 5ರ ದ್ರಾವಣವಾದರೆ 20 ಮಿಲಿಲೀಟರಿನಲ್ಲಿ, ಅಂದರೆ ನಾಲ್ಕು ಟೀ ಚಮಚದಲ್ಲಿ, 1 ಗ್ರಾಂ ಹೈಪೊಕ್ಲೋರೈಟ್ ಇರುತ್ತದೆ. ಅದು ಪೂರ್ತಿ ವರ್ತಿಸಿದರೆ ಹತ್ತಿರ ಹತ್ತಿರ 1 ಗ್ರಾಂ ಕ್ಲೋರಿನ್ ಹೊರಬರುತ್ತದೆ. ಒಂದೂವರೆ ಘನ ಮೀಟರ್ ಕೋಣೆಯಲ್ಲಿ ಅದು ಹರಡಿದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇನ್ನೂರಕ್ಕೂ ಹೆಚ್ಚು ಭಾಗ ಕ್ಲೋರಿನ್ ಇದ್ದಂತೆ. ಕೆಲಸದ ಸ್ಥಳಗಳ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ, ಹತ್ತು ಲಕ್ಷಕ್ಕೆ 10 ಭಾಗವನ್ನೇ ಪ್ರಾಣಕ್ಕೆ ತಕ್ಷಣದ ಅಪಾಯವೆಂದು ಪರಿಗಣಿಸಿದೆ. ಎಲ್ಲ ಅನಿಲ ಕೋಣೆಯಲ್ಲೇ ಉಳಿಯಲಾರದು, ನಿಜ. ಆದರೂ ಇಪ್ಪತ್ತು ಪಟ್ಟಿಗೂ ಮಿಕ್ಕ ಅಂತರವನ್ನು ಕಡೆಗಣಿಸುವಂತಿಲ್ಲ. ನಮ್ಮ ಮನೆಗಳ ಬಚ್ಚಲಿನಲ್ಲೂ ಈ ಎರಡು ಬಾಟಲಿಗಳು ಅಕ್ಕಪಕ್ಕ ನಿಂತಿರುವುದುಂಟು. ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ತಿಳಿಸಬೇಕು. ಪ್ರಯೋಗ ಮಾಡಿ ತೋರಿಸಲು ಮಾತ್ರ ಹೋಗಬಾರದು.

ಪ್ರಯಾಣಕ್ಕೆ ಎರಡರಲ್ಲಿ ಒಂದನ್ನಷ್ಟೇ ಒಯ್ಯುವುದು ಅತ್ಯುತ್ತಮ. ಅನಿವಾರ್ಯವಾದರೆ ಬೇರೆ ಬೇರೆ ಡಬ್ಬಗಳಲ್ಲಿ, ಬೇರೆ ಬೇರೆ ಕಪಾಟುಗಳಲ್ಲಿ ಇಡಬೇಕು. ಅಮೋನಿಯ ಇರುವ ದ್ರವಗಳನ್ನೂ ಬಿಳುಪುದ್ರವದಿಂದ ದೂರವಿಡಬೇಕು, ಏಕೆಂದರೆ ಅವು ಸೇರಿದರೆ ವಿಷಕಾರಿ ಕ್ಲೋರಮೀನ್‌ಗಳು ಹುಟ್ಟುತ್ತವೆ. ಒತ್ತಡದ ಅನಿಲ ತುಂಬಿದ ಸುಗಂಧದ್ರವ್ಯದ ಡಬ್ಬಿಗಳು ಸುಮಾರು 50 ಡಿಗ್ರಿ ಮೀರಿದ ಬಿಸಿಗೆ ಸಿಡಿಯಬಹುದು. ಮುಚ್ಚಿದ ಟ್ರೇಲರನ್ನು ಬಿಸಿಲಿನಲ್ಲಿ ನಿಲ್ಲಿಸುವಾಗ ಇದು ನೆನಪಿರಲಿ.

ತರಗತಿಯಲ್ಲಿ ಮಾಡಿ ನೋಡಿ

1. ಮೀಟರ್ ಕೋಲಿನ ನಡುವನ್ನು ಹಿಡಿದು, ಒಂದೇ ತೂಕದ ಎರಡು ಕಲ್ಲುಗಳನ್ನು ಕೈಯ ಅಕ್ಕಪಕ್ಕ ಕಟ್ಟಿ ಕೋಲನ್ನು ಅತ್ತಿತ್ತ ಬೇಗ ಬೇಗ ತಿರುಗಿಸಿ. ನಂತರ ಕಲ್ಲುಗಳನ್ನು ತುದಿಗಳಿಗೆ ಸರಿಸಿ ಹಾಗೆಯೇ ತಿರುಗಿಸಿ. ತಿರುಗಿಸುವುದೂ ನಿಲ್ಲಿಸುವುದೂ ಯಾವಾಗ ಕಷ್ಟ?

2. ಟ್ರೇ ಮೇಲೆ ಪ್ಲಾಸ್ಟಿಕ್ ಲೋಟವಿಟ್ಟು ಒಂದು ಬದಿಯನ್ನು ನಿಧಾನವಾಗಿ ಎತ್ತಿ. ಲೋಟ ಜಾರಲು ಶುರುವಾದ ಕೋನವನ್ನು ಅಳೆಯಿರಿ. ಆ ಕೋನದ ಟ್ಯಾಂಜೆಂಟ್ ಬೆಲೆಯೇ ಘರ್ಷಣಾಂಕ. ಟ್ರೇ ಒಣಗಿದ್ದಾಗ, ಸೋಪಿನ ನೀರು ಸವರಿದಾಗ, ರಬ್ಬರ್ ಹಾಳೆ ಹಾಸಿದಾಗ ಬರುವ ಬೆಲೆಗಳನ್ನು ಹೋಲಿಸಿ. ಲೋಟಕ್ಕೆ ಸ್ವಲ್ಪ ಮರಳು ತುಂಬಿ ಮತ್ತೆ ಅಳೆಯಿರಿ, ಕೋನ ಬದಲಾಯಿತೇ?

3. ಒಣ ಟವೆಲನ್ನು ತೂಗಿ. ನೀರಲ್ಲಿ ಅದ್ದಿ ಹಿಂಡಿ ಮತ್ತೆ ತೂಗಿ. ಅದರಲ್ಲಿರುವ ನೀರು ನಿಮ್ಮ ಮನೆಯ ಬಚ್ಚಲಿನ ಎಷ್ಟು ಘನ ಮೀಟರ್ ಗಾಳಿಯನ್ನು 30 ಡಿಗ್ರಿಯಲ್ಲಿ ಪರ್ಯಾಪ್ತಗೊಳಿಸಬಲ್ಲದು? ಲೆಕ್ಕ ಹಾಕಿ.

ಭಾರವಾದದ್ದು ಅಚ್ಚಿನ ಬಳಿ ಮತ್ತು ಕೆಳಗೆ, ಹಗುರವಾದದ್ದು ಹಿಂದೆ ಮತ್ತು ಮೇಲೆ, ಒದ್ದೆಯದು ಗಾಳಿಗೆ, ಒಣಗಿದ್ದು ಡಬ್ಬಕ್ಕೆ, ಆಮ್ಲ ಒಂದು ಕಡೆ, ಬಿಳುಪುದ್ರವ ಇನ್ನೊಂದು ಕಡೆ. ನಿಯಮಗಳು ಇಷ್ಟೇ. ಪ್ರತಿಯೊಂದರ ಹಿಂದಿನ ಕಾರಣ ತಿಳಿದಿದ್ದರೆ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಟ್ರೇಲರ್ ಆಗಲಿ, ಪ್ರವಾಸದ ಬಸ್ ಆಗಲಿ, ಮನೆಯ ಬಚ್ಚಲೇ ಆಗಲಿ, ಯಾವುದನ್ನು ಎಲ್ಲಿಡಬೇಕೆಂದು ನಾವೇ ನಿರ್ಧರಿಸಬಹುದು.